ಓದುಗರ ಪ್ರಶ್ನೆ: ಗೋಪಾಲಗೌಡ ಸರ್ಕಲ್‌ನ ಗೋಪಾಲಗೌಡರು ಯಾರು?

ಪ್ರಶ್ನೆ: ವಿಧಾನಸೌಧದ ಹತ್ತಿರದ ಕಚೇರಿಯೊಂದರಲ್ಲಿ ಕೆಲಸಕ್ಕೆ ಸೇರಿ ಆರು ತಿಂಗಳಾಯಿತು. ದಿನಾ ಗೋಪಾಲಗೌಡ ಸರ್ಕಲ್ ದಾಟಿ ಹೋಗುತ್ತೇನೆ. ಟ್ರಾಫಿಕ್ ಜಾಮ್ ಸುದ್ದಿಯಲ್ಲಿ ಬಿಟ್ಟರೆ ಈ ಹೆಸರನ್ನು ಬೇರೆಲ್ಲೂ ಕೇಳಿಲ್ಲ. ಇವರು ಕೆಂಪೇಗೌಡರ ಕಡೆಯವರಾ? ಮಂತ್ರಿಯಾಗಿದ್ದರಾ?
– ಓದುಗಿ, ಬೆಂಗಳೂರು

ಉತ್ತರ: ಕೇಳಿದ್ದು ತುಂಬಾ ಒಳ್ಳೆಯದಾಯಿತು ತಂಗಿ. ಕೆಂಪೇಗೌಡರಿಗೂ ಇವರಿಗೂ ಸಂಬಂಧ ಇಲ್ಲ. ಇವರು ಶಾಂತವೇರಿ ಗೋಪಾಲಗೌಡರು, ಶಿವಮೊಗ್ಗ ಜಿಲ್ಲೆ ತೀರ್ಥಹಳ್ಳಿ ತಾಲ್ಲೂಕಿನ ಆರಗದವರು. ಹುಟ್ಟಿದ್ದು 1923ರಲ್ಲಿ, ಬಡ ಕುಟುಂಬದಲ್ಲಿ. ಓದುವ ವಯಸ್ಸಿನಲ್ಲೇ 1942ರ ಕ್ವಿಟ್ ಇಂಡಿಯಾ ಚಳವಳಿಗೆ ಇಳಿದು ಜೈಲಿಗೆ ಹೋದರು. ಆಮೇಲೆ ಸಮಾಜವಾದಿ ಪಕ್ಷ ಸೇರಿದರು. ಮೂರು ಸಲ ಶಾಸಕರಾದರು, ಒಂದು ಸಲವೂ ಮಂತ್ರಿಯಾಗಲಿಲ್ಲ. ಶಾಸಕರಾಗಿದ್ದ ಅಷ್ಟೂ ಕಾಲ ಕೂತಿದ್ದು ವಿರೋಧ ಪಕ್ಷದ ಸಾಲಿನಲ್ಲೇ.

ಆದರೂ ವಿಧಾನಸೌಧದ ಮಗ್ಗುಲಿನ ಸರ್ಕಲ್‌ಗೆ ಅವರ ಹೆಸರಿದೆ. ಯಾಕೆ ಅನ್ನುವುದಕ್ಕೆ ಈ ಸಲದ ಉಳಿದ ಪತ್ರಗಳಲ್ಲೇ ಉತ್ತರ ಸಿಗುತ್ತದೆ, ಪೂರ್ತಿ ಓದಿ.

ಪ್ರಶ್ನೆ: ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ನೋಟ್ಸ್‌ನಲ್ಲಿ ‘ಕಾಗೋಡು ಸತ್ಯಾಗ್ರಹ, 1951, ಗೇಣಿದಾರರ ಹೋರಾಟ’ ಅಂತ ಒಂದೇ ಸಾಲು ಇದೆ. ಅಲ್ಲಿ ನಿಜವಾಗಿ ಆಗಿದ್ದೇನು? ಗೋಪಾಲಗೌಡರ ಪಾತ್ರ ಏನು?
– ವಿದ್ಯಾರ್ಥಿ, ಧಾರವಾಡ

ಉತ್ತರ: ಮೊದಲು ಕೊಳಗ ಅಂದರೇನು ಅಂತ ಹೇಳುತ್ತೇನೆ, ಅದು ಗೊತ್ತಿಲ್ಲದಿದ್ದರೆ ಕಾಗೋಡು ಅರ್ಥವಾಗುವುದಿಲ್ಲ.

ಸಾಗರದ ಕಡೆಯ ಒಂದು ಮನೆಯ ಅಟ್ಟದ ಮೇಲೆ ನಾನು ಒಂದು ಹಳೇ ಕೊಳಗ ನೋಡಿದ್ದೇನೆ. ಭತ್ತ ಅಳೆಯುವ ದುಂಡನೆಯ ಪಾತ್ರೆ, ಅಷ್ಟೇ. ಬಾಯಿಯ ಅಂಚು ಅಂಗೈ ಸವರಿ ಸವರಿ ನುಣ್ಣಗಾಗಿತ್ತು. ಮನೆಯ ಹಿರಿಯರು ಅದನ್ನು ಕೆಳಗಿಳಿಸಿ, ಒಂದು ಸಲ ಅಕ್ಕಿ ತುಂಬಿ ಕೈಯಿಂದ ಸವರಿ ಸಮ ಮಾಡಿದರು, ಇನ್ನೊಂದು ಸಲ ಗೋಪುರದ ಹಾಗೆ ತುದಿ ನಿಲ್ಲುವಷ್ಟು ಸುರಿದರು. “ಎರಡೂ ಒಂದೇ ಕೊಳಗ, ಲೆಕ್ಕದಲ್ಲಿ ವ್ಯತ್ಯಾಸ ಇಲ್ಲ. ಮನೆಯಲ್ಲಿ ಉಳಿಯೋ ಅಕ್ಕೀಲಿ ಇದೆ, ನೋಡಿ” ಅಂದರು. ನನಗೆ ಆಗ ವಿಷಯ ತಲೆಗೆ ಹೋಯಿತು.

ಮಲೆನಾಡಿನಲ್ಲಿ ಆಗ ಗದ್ದೆ ಒಡೆಯರದ್ದು, ಉಳುಮೆ ಗೇಣಿದಾರರದ್ದು. ಗೇಣಿ ಕೊಡುತ್ತಿದ್ದದ್ದು ಭತ್ತದಲ್ಲಿ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿ ಅಳೆಯುವ ಕೊಳಗ ಮಾಮೂಲಿ ಕೊಳಗಕ್ಕಿಂತ ದೊಡ್ಡದಿತ್ತು, ಗೇಣಿದಾರರ ಮೊದಲ ತಕರಾರು ಅದೇ. ಅವರಲ್ಲಿ ಹೆಚ್ಚಿನವರು ದೀವರು ಅನ್ನುವ ಮಲೆನಾಡಿನ ಸಮುದಾಯದವರು. ಎಚ್. ಗಣಪತಿಯಪ್ಪನವರು ಊರೂರು ಸುತ್ತಿ ರೈತ ಸಂಘ ಕಟ್ಟಿ ಈ ಜನರಿಗೆ ಧೈರ್ಯ ತುಂಬಿದರು, ಈ ಹೆಸರನ್ನು ನಿಮ್ಮ ನೋಟ್ಸ್‌ನಲ್ಲಿ ದಯವಿಟ್ಟು ಸೇರಿಸಿಕೊಳ್ಳಿ, ಜಾಸ್ತಿ ಜನ ಇವರನ್ನು ಮರೆಯುತ್ತಾರೆ. ಕೊಳಗ ಸರಿ ಮಾಡಿ ಅಂತ ಕೇಳಿದ್ದಕ್ಕೆ ಜಗಳ ಬೆಳೆಯಿತು, ಗೇಣಿದಾರರನ್ನು ಗದ್ದೆಯಿಂದ ಬಿಡಿಸಲಾಯಿತು. 1951ರ ಏಪ್ರಿಲ್ 18ರಂದು ಅವರು ನೇಗಿಲು ಹಿಡಿದು ಅದೇ ಗದ್ದೆಗೆ ಇಳಿದರು. ಪೊಲೀಸರು ಹಿಡಿದುಕೊಂಡು ಹೋದರು. ಒಂದು ತಂಡ ಜೈಲಿಗೆ ಹೋದರೆ ಇನ್ನೊಂದು ತಂಡ ಗದ್ದೆಗೆ ಇಳಿಯುತ್ತಿತ್ತು.

ಗೋಪಾಲಗೌಡರು ಬರುವುದು ಇಲ್ಲಿ. ಅವರೂ ಅವರ ಸಮಾಜವಾದಿ ಗೆಳೆಯರೂ ಈ ಹೋರಾಟದ ಮುಂದಾಳತ್ವ ವಹಿಸಿಕೊಂಡರು. ಜೂನ್‌ನಲ್ಲಿ ಸಮಾಜವಾದಿಗಳ ರಾಷ್ಟ್ರೀಯ ನಾಯಕ ರಾಮಮನೋಹರ ಲೋಹಿಯಾ ಅವರೇ ಬಂದರು, ಅವರ ಬಂಧನವೂ ಆಯಿತು. ಅಲ್ಲಿಂದ ಕಾಗೋಡಿನ ಸುದ್ದಿ ದೇಶಕ್ಕೆಲ್ಲ ಗೊತ್ತಾಯಿತು. ಪರೀಕ್ಷೆಯಲ್ಲಿ ಇಸವಿ ಬರೆದರೆ ಅಂಕ ಸಿಗಬಹುದು, ಆದರೆ ಕೊಳಗದ ವಿಷಯವನ್ನೂ ಬರೆಯಿರಿ.

ಪ್ರಶ್ನೆ: ಗೋಪಾಲಗೌಡರು ಜನರ ಹತ್ತಿರ ದುಡ್ಡು ಇಸಕೊಂಡು ಚುನಾವಣೆ ಗೆದ್ದರು ಅಂತ ನಮ್ಮ ಮಾವ ಹೇಳುತ್ತಿರುತ್ತಾರೆ. ಮತದಾರರಿಗೆ ದುಡ್ಡು ಕೊಟ್ಟವರನ್ನು ನೋಡಿದ್ದೇನೆ, ಮತದಾರರೇ ಕೊಡುವುದು ಹೇಗೆ? ಇದು ಸುಮ್ನೆ ಕಥೆಯಾ?
– ಓದುಗ, ಭದ್ರಾವತಿ

ಉತ್ತರ: ಕಥೆಯಲ್ಲ, ನಿಮ್ಮ ಮಾವ ಹೇಳಿದ್ದು ಸರಿ. 1952ರ ಮೊದಲ ವಿಧಾನಸಭೆ ಚುನಾವಣೆಯಲ್ಲಿ ಸಾಗರ–ಹೊಸನಗರ ಕ್ಷೇತ್ರದಲ್ಲಿ ಅವರು ನಿಂತರು. ಎದುರಿಗೆ ಕಾಂಗ್ರೆಸ್‌ನ ಎ.ಆರ್. ಬದರಿನಾರಾಯಣ್, ಮುಂದೆ ಮಂತ್ರಿಯಾದವರು. ಗೋಪಾಲಗೌಡರ ಜೇಬಿನಲ್ಲಿ ಏನೂ ಇರಲಿಲ್ಲ. ಅದಕ್ಕೆ ‘ಒಂದು ಓಟು, ಒಂದು ನೋಟು’ ಅಂತ ಹೊರಟರು. ಓಟಿನ ಜೊತೆ ಒಂದು ರೂಪಾಯಿಯನ್ನೂ ಕೊಡಿ ಅಂತ ಮನೆಮನೆಯಲ್ಲಿ ಕೇಳಿದರು. ಆಗ ಒಂದು ರೂಪಾಯಿ ಅಂದರೆ ಗೇಣಿ ಮಾಡುವ ಮನೆಗೆ ಸಣ್ಣ ದುಡ್ಡಲ್ಲ. ಕೊಟ್ಟವರಿಗೆ ಇವನು ನಮ್ಮ ದುಡ್ಡಲ್ಲಿ ನಿಂತವನು, ನಾಳೆ ಇವನನ್ನು ಕೇಳುವ ಹಕ್ಕು ನಮಗಿದೆ ಅನ್ನುವ ಭಾವನೆ ಬಂದಿರುತ್ತದೆ ಅಲ್ವಾ?

ಹಿಂದಿನ ವರ್ಷವಷ್ಟೇ ಗದ್ದೆಗೆ ಇಳಿದು ಜೈಲು ನೋಡಿ ಬಂದ ಜನ ಇದ್ದ ಸೀಮೆ ಅದು. ಅವರು ಗೋಪಾಲಗೌಡರನ್ನು ಗೆಲ್ಲಿಸಿದರು. ಆಗ ಅವರಿಗಿನ್ನೂ ಮೂವತ್ತು ತುಂಬಿರಲಿಲ್ಲ.

ಈಗ ನಮ್ಮ ರಾಜ್ಯದಲ್ಲಿ ವಿಧಾನಸಭೆ ಅಭ್ಯರ್ಥಿಗೆ ಕಾನೂನು ಒಪ್ಪುವ ಖರ್ಚಿನ ಮಿತಿಯೇ 40 ಲಕ್ಷ ರೂಪಾಯಿ. ಅದನ್ನು ಯಾರು ಕೊಡುತ್ತಾರೆ, ಯಾಕೆ ಕೊಡುತ್ತಾರೆ ಅನ್ನುವ ಪ್ರಶ್ನೆ ನನ್ನನ್ನು ಕಾಡುತ್ತಲೇ ಇರುತ್ತದೆ. ನಿಮ್ಮ ಮಾವನ ಹತ್ತಿರ ಇನ್ನಷ್ಟು ಕೇಳಿ ಬರೆದು ಕಳಿಸಿ, ಖಂಡಿತ ಹಾಕುತ್ತೇವೆ.

ಪ್ರಶ್ನೆ: ಮಂತ್ರಿಯಾಗದ, ಅಧಿಕಾರವೇ ಇಲ್ಲದ ಶಾಸಕನಿಂದ ಏನು ಉಪಯೋಗ ಸರ್? ನಮ್ಮೂರಲ್ಲಿ ಎಲ್ಲರೂ ‘ಆಡಳಿತ ಪಕ್ಷದವನನ್ನು ಗೆಲ್ಲಿಸಿದರೆ ರಸ್ತೆಯಾದರೂ ಆಗುತ್ತದೆ’ ಅಂತಾರೆ.
– ಓದುಗ, ಹಾವೇರಿ

ಉತ್ತರ: ರಸ್ತೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಲೆಕ್ಕವನ್ನೂ ನೋಡಿ. 1952ರ ಮೈಸೂರು ವಿಧಾನಸಭೆಯಲ್ಲಿ ಇದ್ದದ್ದು 99 ಸ್ಥಾನ. ಕಾಂಗ್ರೆಸ್‌ಗೆ 74, ಸಮಾಜವಾದಿಗಳಿಗೆ 3. ವಿಧಾನಸೌಧ ಇನ್ನೂ ಇರಲಿಲ್ಲ, ಆ ವರ್ಷದ ಜೂನ್‌ನಲ್ಲಿ ಮೊದಲ ಅಧಿವೇಶನ ಸೇರಿದ್ದು ಅಠಾರಾ ಕಚೇರಿಯಲ್ಲಿ, ಅಂದರೆ ಈಗಿನ ಹೈಕೋರ್ಟ್ ಕಟ್ಟಡದಲ್ಲಿ. ಮೂರು ಜನ ಕೈ ಎತ್ತಿದರೆ ಯಾವ ಮಸೂದೆ ಪಾಸಾಗುತ್ತದೆ, ಯಾವುದು ಬಿದ್ದುಹೋಗುತ್ತದೆ? ಯಾವುದೂ ಇಲ್ಲ. ಗೋಪಾಲಗೌಡರ ಕೈಯಲ್ಲಿ ಇದ್ದದ್ದು ಮಾತು ಮಾತ್ರ. ಗೇಣಿದಾರನಿಗೆ ಭೂಮಿ ಸಿಗಬೇಕು, ಆಡಳಿತ ಕನ್ನಡದಲ್ಲಿ ನಡೆಯಬೇಕು, ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಡಬೇಕು. ಇದನ್ನೇ ಮತ್ತೆ ಮತ್ತೆ ಹೇಳಿದರು.

1957ರಲ್ಲಿ ಸೋತರು. ಇದನ್ನು ಮುಚ್ಚಿಡಬೇಕಾಗಿಲ್ಲ. ಅಷ್ಟು ದೊಡ್ಡ ಹೋರಾಟ ಮಾಡಿದವರನ್ನು ಐದೇ ವರ್ಷಕ್ಕೆ ಜನ ಸೋಲಿಸಿದ್ದು ನೆನೆದರೆ ನನಗೆ ಈಗಲೂ ಬೇಜಾರಾಗುತ್ತದೆ. ಅವರು ಪಕ್ಷ ಬಿಡಲಿಲ್ಲ, ಮನೆಯಲ್ಲೂ ಕೂರಲಿಲ್ಲ. 1962ರಲ್ಲಿ ತೀರ್ಥಹಳ್ಳಿಯಿಂದ ಗೆದ್ದರು, 1967ರಲ್ಲಿ ಮತ್ತೆ ಅಲ್ಲಿಂದಲೇ ಗೆದ್ದರು. ಕೊನೆಯ ವರ್ಷಗಳಲ್ಲಿ ಆರೋಗ್ಯ ಪೂರ್ತಿ ಕೈಕೊಟ್ಟಿತು. 1972ರ ಜೂನ್ 9ರಂದು ತೀರಿಕೊಂಡರು. ವಯಸ್ಸು ಬರೀ 49.

ಅವರು ಹೋದ ಮರುವರ್ಷ, 1973ರ ನವೆಂಬರ್ 1ರಂದು, ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂತು. 1974ರ ಮಾರ್ಚ್ 1ರಿಂದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದು ಗೇಣಿ ಪದ್ಧತಿಯೇ ರದ್ದಾಯಿತು. ಎರಡೂ ಆಗಿದ್ದು ದೇವರಾಜ ಅರಸರ ಕಾಲದಲ್ಲಿ, ಅದರ ಕೀರ್ತಿ ಅರಸರಿಗೆ ಸಲ್ಲಲೇಬೇಕು. ಆದರೆ ಆ ಮಾತನ್ನು ಇಪ್ಪತ್ತು ವರ್ಷ ಮೊದಲೇ, ಮೂರೇ ಸ್ಥಾನ ಇದ್ದಾಗಲೇ ಸದನದಲ್ಲಿ ಆಡಿದವರು ಇದ್ದರು. ಅವರಿಲ್ಲದೆ ಅದೆಲ್ಲ ಆಗುತ್ತಿತ್ತು ಅಂತ ನನಗೆ ಅನ್ನಿಸುವುದಿಲ್ಲ. ಇದು ನೋಡಲು ಅವರಿಗೆ ಇನ್ನೆರಡು ವರ್ಷ ಆಯಸ್ಸು ಇರಬೇಕಿತ್ತು.

ಪ್ರಶ್ನೆ: ಬಂಗಾರಪ್ಪ, ಜೆ.ಎಚ್. ಪಟೇಲ್ ಇಬ್ಬರೂ ಗೋಪಾಲಗೌಡರ ಶಿಷ್ಯರು ಅನ್ನುವುದು ನಿಜವೇ?
– ಓದುಗ, ದಾವಣಗೆರೆ

ಉತ್ತರ: ಇಬ್ಬರೂ ಸಮಾಜವಾದಿ ಗರಡಿಯಲ್ಲಿ ಬೆಳೆದವರು, ಗೋಪಾಲಗೌಡರ ಪ್ರಭಾವ ಇಬ್ಬರ ಮೇಲೂ ಇತ್ತು. 1967ರಲ್ಲಿ ಬಂಗಾರಪ್ಪನವರು ಸೊರಬದಿಂದ ವಿಧಾನಸಭೆಗೆ, ಪಟೇಲರು ಶಿವಮೊಗ್ಗದಿಂದ ಲೋಕಸಭೆಗೆ ಹೋದರು. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲೇ ಮಾತಾಡಿ ಹೆಸರಾದರು. ಮುಂದೆ ಇಬ್ಬರೂ ಮುಖ್ಯಮಂತ್ರಿಯಾದರು. ಕಾಗೋಡು ತಿಮ್ಮಪ್ಪನವರಂತೂ ಅದೇ ಊರಿನವರು, 1972ರಲ್ಲಿ ಸಾಗರದಿಂದ ಗೆದ್ದು, ಮುಂದೆ ವಿಧಾನಸಭೆಯ ಸ್ಪೀಕರ್ ಆದರು, ಕಂದಾಯ ಮಂತ್ರಿಯೂ ಆದರು. ಗೇಣಿದಾರರ ಊರಿನಿಂದ ಬಂದವರ ಕೈಗೆ ಕಂದಾಯ ಇಲಾಖೆ ಬಂತು ಅನ್ನುವುದನ್ನು ನೆನೆದರೆ ನನಗೆ ಮೈ ಜುಮ್ಮೆನ್ನುತ್ತದೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ನಮ್ಮ ತಂದೆ 1974ರ ನಂತರ, ಉಳುವ ಗೇಣಿ ಗದ್ದೆ ನಮ್ಮ ಹೆಸರಿಗೆ ಮಾಡಿ ಅಂತ ಡಿಕ್ಲರೇಷನ್ (ಅರ್ಜಿ) ಕೊಟ್ಟು ಎರಡು ಎಕರೆ ಗದ್ದೆ ಉಳಿಸಿಕೊಂಡರು. ಆ ಫಾರಂ ನಂಬರ್ 7ರ ಪ್ರತಿ ಟ್ರಂಕಿನಲ್ಲಿದೆ. ಮಕ್ಕಳು ಹಳೇ ಕಾಗದ ಎಸೆಯಿರಿ ಅಂತಾರೆ. ಇಟ್ಟುಕೊಳ್ಳಬೇಕೇ?
– ಓದುಗ, ಸಾಗರ

ಉತ್ತರ: ಮೇಷ್ಟ್ರೇ, ದಯವಿಟ್ಟು ಎಸೆಯಬೇಡಿ. ಜಮೀನಿನ ದಾಖಲೆಗೆ ಅದರ ಬೆಲೆ ಏನು ಅನ್ನುವುದನ್ನು ಯಾರಾದರೂ ವಕೀಲರ ಹತ್ತಿರ ಕೇಳಿ. ಆದರೆ ಮನೆಗೆ ಅದರ ಬೆಲೆ ಬೇರೆಯೇ ಇದೆ. ಅಪ್ಪ ಸಹಿ ಹಾಕಿದ್ದಾರೋ, ಹೆಬ್ಬೆಟ್ಟು ಒತ್ತಿದ್ದಾರೋ ನೀವು ಬರೆದಿಲ್ಲ. ಟ್ರಂಕಿನಿಂದ ತೆಗೆದು ಎರಡು ಝೆರಾಕ್ಸ್ ಮಾಡಿಸಿ, ಗೆದ್ದಲು ಹತ್ತದ ಹಾಗೆ ಪ್ಲಾಸ್ಟಿಕ್ ಹಾಳೆಯೊಳಗೆ ಇಡಿ. ಮಕ್ಕಳು ರಜಕ್ಕೆ ಬಂದಾಗ ಅವರನ್ನು ಕೂರಿಸಿಕೊಂಡು ಒಂದೊಂದೇ ಸಾಲು ಓದಿ ಹೇಳಿ. ಒಂದು ಪ್ರತಿಯನ್ನು ನಮಗೂ ಕಳಿಸಿ.