ಉಪ್ಪು ನೀರಿನ ಕೊಳಕ್ಕೆ ಹೀಟರ್ ಹಾಕಿಸಬಹುದಾ?

ಪ್ರಶ್ನೆ: ಶ್ರೀರಂಗಪಟ್ಟಣದ ಹತ್ತಿರ ನಮ್ಮದೊಂದು ಹೋಂಸ್ಟೇ ಇದೆ. ಈಜುಕೊಳ ಚಿಕ್ಕದು, 10 ಮೀಟರ್ ಉದ್ದ, 5 ಮೀಟರ್ ಅಗಲ, ಸರಾಸರಿ 1.2 ಮೀಟರ್ ಆಳ. ಕ್ಲೋರಿನ್ ಪುಡಿಯ ವಾಸನೆ ಸಾಕಾಗಿ, ನೀರಿಗೆ ಹಾಕಿದ ಉಪ್ಪಿನಿಂದಲೇ ಕ್ಲೋರಿನ್ ಮಾಡುವ ಸಾಲ್ಟ್ ಕ್ಲೋರಿನೇಟರ್ ಹಾಕಿಸಿದ್ದೇವೆ. ಡಿಸೆಂಬರ್‌ನಲ್ಲಿ ಬಂದವರು ನೀರಿಗೆ ಕಾಲಿಟ್ಟು ಹಾಗೇ ವಾಪಸ್ ಬರುತ್ತಾರೆ. ಹೀಟರ್ ಹಾಕಿಸೋಣ ಅಂದರೆ ಪ್ಲಂಬರ್ 'ಉಪ್ಪು ಹೀಟರನ್ನು ತಿಂದುಬಿಡುತ್ತೆ' ಅನ್ನುತ್ತಾನೆ, ಮಾರುವವರು 'ಏನೂ ಆಗಲ್ಲ ಸಾರ್' ಅನ್ನುತ್ತಾರೆ. ಯಾರ ಮಾತು ಕೇಳಲಿ?
– ಓದುಗರೊಬ್ಬರು, ಮಂಡ್ಯ ಜಿಲ್ಲೆ

ಉತ್ತರ: ಧಾರಾಳವಾಗಿ ಹಾಕಿಸಿ. ಆದರೆ ಯಾವ ಹೀಟರ್, ಎಲ್ಲಿ ಕೂರಿಸುತ್ತಾರೆ ಅನ್ನುವುದನ್ನು ನೀವೇ ನಿಂತು ನೋಡಿ.

ಮೊದಲು ಉಪ್ಪಿನ ಲೆಕ್ಕ. ಇಂಥ ಕೊಳಕ್ಕೆ ಲೀಟರಿಗೆ ಸುಮಾರು 3ರಿಂದ 4 ಗ್ರಾಂ ಉಪ್ಪು ಸಾಕು. ಸಮುದ್ರದ ನೀರಲ್ಲಿ 35 ಗ್ರಾಂ ಇರುತ್ತೆ. ನಿಮ್ಮದು ಮನೆಯ ಸಾರಿಗಿಂತ ಸಪ್ಪೆ ಅಲ್ವಾ! ನಿಮ್ಮ 60,000 ಲೀಟರಿಗೆ ಒಟ್ಟು 200 ಕೆಜಿ ಚಿಲ್ಲರೆ ಉಪ್ಪು ಅಂದಾಗ ಕೇಳೋಕೆ ಭಯವಾಗಬಹುದು, ಅಷ್ಟೇ.

ಹೀಟರ್ ಹಾಳಾಗುವುದು ಹೆಚ್ಚಾಗಿ ಬೇರೆ ಕಾರಣಕ್ಕೆ. ಸಾಲ್ಟ್ ಸೆಲ್ (ಕ್ಲೋರಿನೇಟರಲ್ಲಿ ಕ್ಲೋರಿನ್ ಹುಟ್ಟುವ ಭಾಗ) ಓಡುತ್ತಿದ್ದ ಹಾಗೆ ನೀರಿನ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, ಮೇಲೇರುತ್ತಾ ಹೋಗುತ್ತೆ. ಅದನ್ನು ಇಳಿಸೋಕೆ ಕೆಲಸದ ಹುಡುಗ ಆಸಿಡ್ ಸುರಿಯುತ್ತಾನೆ, ಅದೂ ಕೈಗೆ ಹತ್ತಿರ ಅಂತ ಸ್ಕಿಮ್ಮರ್ (ಕೊಳದ ಅಂಚಲ್ಲಿ ಮೇಲಿನ ನೀರನ್ನು ಪಂಪಿಗೆ ಎಳೆಯುವ ಬಾಯಿ) ಒಳಗೇ, ಅಲ್ಲಿಂದ ಅದು ಪಂಪ್, ಫಿಲ್ಟರ್ ದಾಟಿ ನೆಟ್ಟಗೆ ಹೀಟರಿಗೆ ಹೋಗಿ ತಾಮ್ರದ ಕೊಳವೆಯನ್ನು ಕೊರೆಯುತ್ತೆ. ಗೋಡೆಯ ಮೇಲೆ ಹಸಿರು ನೀಲಿ ಕಲೆ ಕಂಡರೆ ತಾಮ್ರ ಕರಗುತ್ತಿದೆ ಅಂತ ಅನುಮಾನಪಡಿ. ಬೈಗುಳ ಮಾತ್ರ ಉಪ್ಪಿಗೆ. ಆಸಿಡನ್ನು ನೀರಲ್ಲಿ ಬೆರೆಸಿ (ನೀರಿಗೆ ಆಸಿಡ್ ಹಾಕಬೇಕು, ಆಸಿಡಿಗೆ ನೀರಲ್ಲ), ಪಂಪ್ ಓಡುತ್ತಿರುವಾಗ ಕೊಳದ ಆಳದ ಕಡೆ ಸ್ವಲ್ಪ ಸ್ವಲ್ಪವೇ ಹಾಕಿಸಿ. ಪಿಎಚ್ 7.2ರಿಂದ 7.6ರ ಒಳಗಿರಲಿ. ಕ್ಲೋರಿನ್ ಮಾತ್ರೆಯನ್ನೂ ಸ್ಕಿಮ್ಮರಲ್ಲಿ ಇಡಬೇಡಿ, ಅದೂ ಆಸಿಡ್ ಗುಣದ್ದೇ.

ಕೂರಿಸುವ ಸಾಲು ಹೀಗಿರಲಿ: ಪಂಪ್, ಫಿಲ್ಟರ್, ಹೀಟರ್, ಎಲ್ಲಕ್ಕಿಂತ ಕೊನೆಗೆ ಸಾಲ್ಟ್ ಸೆಲ್. ಹೀಟರಿಗೂ ಸೆಲ್ಲಿಗೂ ನಡುವೆ ಒಂದು ಚೆಕ್ ವಾಲ್ವ್ (ನೀರನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್) ಇರಲೇಬೇಕು. ಇಲ್ಲದಿದ್ದರೆ ಪಂಪ್ ನಿಂತಾಗ ಸೆಲ್ಲಿನ ಗಾಢ ಕ್ಲೋರಿನ್ ನೀರು ಹಿಂದಕ್ಕೆ ಬಂದು ಹೀಟರಲ್ಲಿ ಕೂರುತ್ತೆ. ಈ ಸಣ್ಣ ವಾಲ್ವಿನ ದುಡ್ಡು ಉಳಿಸಲು ಹೋದರೆ ಹೀಟರಿಗೇ ಏಟು.

ಹೀಟರಲ್ಲಿ ನಾನಾದರೆ ಟೈಟಾನಿಯಂ ಕೊಳವೆಯ ಹೀಟ್ ಪಂಪ್ ಆರಿಸುತ್ತೇನೆ. ಉಪ್ಪು, ಕ್ಲೋರಿನ್ ಎರಡಕ್ಕೂ ಟೈಟಾನಿಯಂ ಜಗ್ಗಲ್ಲ. ಹೀಟ್ ಪಂಪ್ ಹೊರಗಿನ ಗಾಳಿಯ ಶಾಖವನ್ನೇ ಎಳೆದು ನೀರಿಗೆ ಕೊಡುತ್ತೆ, ನಮ್ಮ ಕಡೆಯ ಚಳಿ ಅದಕ್ಕೆ ಲೆಕ್ಕಕ್ಕೇ ಇಲ್ಲ. ಬಿಲ್ ಕಟ್ಟುವ ಮೊದಲು ಉಪ್ಪು ನೀರಿಗೂ ವಾರಂಟಿ ಇದೆ ಅಂತ ಬರಹದಲ್ಲಿ ತೆಗೆದುಕೊಳ್ಳಿ, ಬಾಯಿಮಾತು ಬೇಡ. ದುಡ್ಡು ಜಾಸ್ತಿ ಅನಿಸಿದರೆ ಚಾವಣಿಯ ಮೇಲೆ ಪ್ಲಾಸ್ಟಿಕ್ ಕೊಳವೆಯ ಸೋಲಾರ್ ಹಾಸು ಹಾಕಿಸಬಹುದು, ಅದರಲ್ಲಿ ತುಕ್ಕಿನ ಮಾತೇ ಇಲ್ಲ.

ನೀವು ಬರೆಯದೇ ಬಿಟ್ಟಿದ್ದು ಒಂದಿದೆ, ಕೊಳ ತುಂಬಿಸುವುದು ಬೋರ್‌ವೆಲ್ ನೀರಿನಿಂದಲಾ? ಹೌದಾದರೆ ನನಗೆ ಉಪ್ಪಿಗಿಂತ ಅದರದ್ದೇ ಚಿಂತೆ. ಗಡಸು ನೀರು ಬಿಸಿಯಾದರೆ ಗೀಸರ್ ಕಾಯಿಲಿಗೆ ಬಿಳಿ ಪೊರೆ ಕಟ್ಟುತ್ತಲ್ಲ, ಅದೇ ಪೊರೆ ಹೀಟರಿಗೂ ಸೆಲ್ಲಿನ ತಗಡಿಗೂ ಕಟ್ಟುತ್ತೆ. ನೀರನ್ನು ಒಮ್ಮೆ ಪರೀಕ್ಷೆ ಮಾಡಿಸಿ, ಸೆಲ್ಲನ್ನು ಆಗಾಗ ಬಿಚ್ಚಿ ನೋಡಿಸಿ. ಬೆಚ್ಚಗಿನ ನೀರಲ್ಲಿ ಕ್ಲೋರಿನ್ ಬೇಗ ಖರ್ಚಾಗುತ್ತೆ, ಆದ್ದರಿಂದ ಹೀಟರ್ ಓಡುವ ತಿಂಗಳುಗಳಲ್ಲಿ ಸೆಲ್ ಸ್ವಲ್ಪ ಹೆಚ್ಚು ಕ್ಲೋರಿನ್ ಮಾಡುವ ಹಾಗೆ ಇಡಿ. ರಾತ್ರಿ ಕೊಳಕ್ಕೊಂದು ಕವರ್ ಹೊದಿಸಿ, ಇಲ್ಲದಿದ್ದರೆ ಹಗಲೆಲ್ಲ ಕಾಯಿಸಿದ್ದು ಬೆಳಗಾಗುವಷ್ಟರಲ್ಲಿ ಆವಿಯಾಗಿ ಹೋಗಿರುತ್ತೆ.