ಎಲ್ಕ್ ಲೆಕ್ಕ ಮೂಸ್‌ಗೆ ನಡೆಯುವುದಿಲ್ಲ
ನಿಮ್ಮ ಎಡವಟ್ಟು ತೂಕದ ಅಂದಾಜಿನಲ್ಲಿದೆ. ಕೊಲೊರಾಡೋದಲ್ಲಿ ಬೇಟೆಯಾಡಿದ ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಮಾಂಸವನ್ನು ಇಬ್ಬರೇ ಒಂದು ದಿನದಲ್ಲಿ ಹೊತ್ತು ತಂದಿದ್ದೇವೆ, ಅಲಾಸ್ಕಾದ ಮೂಸ್‌ಗೆ (ಜಿಂಕೆ ಕುಲದಲ್ಲೇ ಅತಿ ದೊಡ್ಡದು) ಎರಡು ದಿನ ಸಾಕಲ್ವಾ ಅಂತ ಕೇಳಿದ್ದೀರಿ. ಸಾಕಾಗುವುದಿಲ್ಲ. ಗಂಡು ಎಲ್ಕ್‌ನಲ್ಲಿ ಸುಮಾರು 100 ಕಿಲೋ ಮಾಂಸ ಸಿಕ್ಕರೆ ದೊಡ್ಡ ಮೂಸ್‌ನಲ್ಲಿ 225 ಕಿಲೋ. ಅದರ ಮೇಲೆ, ಅಲಾಸ್ಕಾದ ಹಲವು ಯೂನಿಟ್‌ಗಳಲ್ಲಿ (ಬೇಟೆ ವಲಯಗಳಲ್ಲಿ) ಕಾಲಿನ ಮಾಂಸವನ್ನು ಮೂಳೆ ಸಮೇತವೇ ತರಬೇಕು. ಒಂದು ಹಿಂಗಾಲೇ 50 ಕಿಲೋ ದಾಟೀತು. ಬೆನ್ನಿಗೇರಿಸಿಕೊಂಡು ಎದ್ದು ನಿಲ್ಲುವುದಕ್ಕೇ ಇನ್ನೊಬ್ಬರು ಹಿಡಿದೆತ್ತಬೇಕು!

ಮೊದಲು ನಿಮ್ಮ ಯೂನಿಟ್‌ನ ನಿಯಮ ನೋಡಿ. ಮಾಂಸ ಹೇರುವ ದೋಣಿಯಿಂದ ಒಂದು ಮೈಲಿ ಆಚೆ ಗುಂಡು ಹಾರಿಸಲೇಬೇಡಿ. ಬಿದ್ದ ತಕ್ಷಣ ಚರ್ಮ ಸುಲಿದು, ಮಾಂಸವನ್ನು ಗಾಳಿಯಾಡುವ ಬಟ್ಟೆ ಚೀಲದಲ್ಲಿ ನೆರಳಿಗೆ ತೂಗುಹಾಕಿ. ಮೈಯಲ್ಲಿ ಕಸುವಿರುವಾಗಲೇ ಹಿಂಗಾಲು ಸಾಗಿಸಿ. ಕೊಂಬು ಕಡೆಯ ಹೊರೆಯಲ್ಲಿ ಮಾತ್ರ, ಅದು ಅಲ್ಲಿ ಕಾನೂನು. ಕೆಸರು ನೆಲವಾದರೆ ನಾಲ್ಕು ದಿನವೂ ಬೇಕಾದೀತು.