ಮಗಳು ಬಾಸ್ ನುಡಿಸಿ ಬದುಕಬಲ್ಲಳೇ?

ಪ್ರಶ್ನೆ: ನಮಸ್ಕಾರ ಮೇಡಂ. ನಾವಿರುವುದು ನ್ಯೂಜೆರ್ಸಿಯಲ್ಲಿ. ಮಗಳು ಹೈಸ್ಕೂಲ್ ಆರ್ಕೆಸ್ಟ್ರಾದಲ್ಲಿ ಡಬಲ್ ಬಾಸ್ (ನಿಂತು ನುಡಿಸುವ, ಪಿಟೀಲಿನಂಥ ದೊಡ್ಡ ವಾದ್ಯ) ನುಡಿಸುತ್ತಾಳೆ. ಈಗ ಕಾಲೇಜಿನಲ್ಲಿ ಜಾಝ್ ಓದುತ್ತಾಳಂತೆ. ಸ್ಟೇಜಿನಲ್ಲಿ ಹಿಂದೆ ನಿಂತವರನ್ನು ಯಾರು ನೋಡ್ತಾರೆ? ಕೊನೆಗೆ ಪಾಠ ಹೇಳಿಕೊಂಡೇ ಇರಬೇಕಾಗುತ್ತದೆ, ಅಲ್ವಾ?
- ಓದುಗರೊಬ್ಬರು

ಉತ್ತರ: ಜನ ನೋಡದಿದ್ದರೂ ಪಕ್ಕದಲ್ಲಿ ನುಡಿಸುವವರು ನೋಡುತ್ತಾರೆ. ಮುಂದಿನ ಕೆಲಸಕ್ಕೆ ಕರೆಯುವವರು ಅವರೇ.

ಜಾಝ್ ಬಾಸ್ ವಾದಕ ರಾನ್ ಕಾರ್ಟರ್ ಹೆಸರು ಮಗಳಿಗೆ ಖಂಡಿತ ಗೊತ್ತಿರುತ್ತದೆ. ಹುಟ್ಟಿದ್ದು 1937ರಲ್ಲಿ, ಮಿಷಿಗನ್‌ನಲ್ಲಿ. ಮೊದಲು ಕಲಿತದ್ದು ಚೆಲ್ಲೋ. ಆಮೇಲೆ ಬಾಸ್ ಹಿಡಿದು, ಈಸ್ಟ್‌ಮನ್ ಸಂಗೀತ ಸ್ಕೂಲಿನಲ್ಲಿ 1959ರಲ್ಲಿ ಡಿಗ್ರಿ, 1961ರಲ್ಲಿ ಮ್ಯಾನ್‌ಹಟನ್ ಸ್ಕೂಲ್ ಆಫ್ ಮ್ಯೂಸಿಕ್‌ನಲ್ಲಿ ಮಾಸ್ಟರ್ಸ್ ಮಾಡಿದರು. ಆಸೆ ಇದ್ದದ್ದು ದೊಡ್ಡ ಆರ್ಕೆಸ್ಟ್ರಾ ಸೇರಬೇಕೆಂದು, ಆದರೆ ಆ ಕಾಲದಲ್ಲಿ ಕಪ್ಪು ಜನರಿಗೆ ಅಲ್ಲಿ ಜಾಗ ಸಿಗುತ್ತಿದ್ದದ್ದು ಅಪರೂಪ. ಹಾಗಾಗಿ ಜಾಝ್. 1963ರಿಂದ 1968ರವರೆಗೆ ಹೆಸರಾಂತ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ತಂಡದಲ್ಲಿದ್ದರು. 2015ರಲ್ಲಿ ಗಿನ್ನೆಸ್‌ನವರು ಲೆಕ್ಕ ಹಾಕಿದಾಗ ಅವರು ನುಡಿಸಿದ್ದ ರೆಕಾರ್ಡಿಂಗ್‌ಗಳು 2,221! ಇಷ್ಟೂ ಅವರದೇ ಆಲ್ಬಂಗಳಲ್ಲ, ಹೆಚ್ಚಿನವು ಬೇರೆಯವರು ಕರೆದದ್ದು. ನಮ್ಮ ಮೃದಂಗದವರ ಹಾಗೆ, ಹಾಡುವವರು ಬದಲಾಗುತ್ತಲೇ ಇರುತ್ತಾರೆ, ಒಳ್ಳೆಯ ಪಕ್ಕವಾದ್ಯದವರ ಡೈರಿ ಮಾತ್ರ ತುಂಬಿರುತ್ತದೆ.

ಯಾಕೆ ಕರೀತಾರೆ ಅಂದರೆ, ಜಾಝ್‌ನಲ್ಲಿ ಬಾಸ್‌ನವರು ಸಾಮಾನ್ಯವಾಗಿ ಒಂದೊಂದು ಪೆಟ್ಟಿಗೂ ಒಂದೊಂದು ಸ್ವರ ಇಡುತ್ತಾ ಹೋಗುತ್ತಾರೆ, ಡ್ರಮ್ಸ್‌ನವರ ಕಾಲ ಮತ್ತು ಪಿಯಾನೋದವರ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಎರಡೂ ಕೂಡುವುದು ಅಲ್ಲೇ. ಅದು ಅಲುಗಾಡಿದರೆ ಮುಂದೆ ನಿಂತು ಸ್ಯಾಕ್ಸೊಫೋನ್ ಊದುವವರೂ ಅಲುಗಾಡುತ್ತಾರೆ.

ಇನ್ನು ಪಾಠದ ಮಾತು. 'ಕೊನೆಗೆ' ಅಂತ ಬರೆದಿದ್ದೀರಲ್ಲ, ಅದೊಂದು ನನಗೆ ಹಿಡಿಸಲಿಲ್ಲ. ಕಾರ್ಟರ್ ನ್ಯೂಯಾರ್ಕಿನ ಸಿಟಿ ಕಾಲೇಜಿನಲ್ಲಿ ವರ್ಷಾನುಗಟ್ಟಲೆ ಕಲಿಸಿದರು, ಎಪ್ಪತ್ತು ದಾಟಿದ ಮೇಲೆ 2008ರಲ್ಲಿ ಜೂಲಿಯಾರ್ಡ್ ಸಂಗೀತ ಶಾಲೆಗೆ ಕಲಿಸಲು ಸೇರಿದರು. ಇದೆಲ್ಲ ಕೆಲಸ ಇಲ್ಲದೆ ಮಾಡಿದ್ದಲ್ಲ, ಕಛೇರಿಗಳ ಜೊತೆಗೇ ನಡೆದದ್ದು.

ಎಲ್ಲರೂ ರಾನ್ ಕಾರ್ಟರ್ ಆಗಲ್ಲ, ಅದೂ ನಿಜ. ಹೆಚ್ಚಿನವರ ಸಂಪಾದನೆ ಚೂರುಚೂರಾಗಿ ಬರುತ್ತದೆ: ಕ್ಲಬ್, ಮದುವೆ ಪಾರ್ಟಿ, ನಾಟಕದ ಆರ್ಕೆಸ್ಟ್ರಾ, ವಾರಕ್ಕಿಷ್ಟು ಪಾಠ. ತಿಂಗಳ ಸಂಬಳದ ಮನೆಯವರಿಗೆ ಇದು ಭಯ ಹುಟ್ಟಿಸುತ್ತದೆ, ಒಪ್ಪುತ್ತೇನೆ. ಅದಕ್ಕೇ ಮಗಳಿಗೆ ಎರಡು ಮಾತು ಹೇಳಿ. ಜಾಝ್‌ನಲ್ಲಿ ಹೆಚ್ಚಾಗಿ ಬೆರಳಲ್ಲೇ ಮೀಟುವುದು ಅಂತ ಕಮಾನು ಮೂಲೆಗೆ ಎಸೆಯಬಾರದು, ನೊಟೇಶನ್ ನೋಡಿದ ತಕ್ಷಣ ನುಡಿಸುವ ಅಭ್ಯಾಸ ಬಿಡಬಾರದು. ಇವೆರಡು ಇದ್ದವರಿಗೆ ಕರೆ ಜಾಸ್ತಿ.

ನಿಮಗೂ ಒಂದು ಮಾತು: ಅದು ಹತ್ತಿರ ಹತ್ತಿರ ಆರಡಿ ಎತ್ತರದ ವಾದ್ಯ. ಕಾರು ಬದಲಾಯಿಸುವ ಯೋಚನೆ ಇದ್ದರೆ ಶೋರೂಮಿಗೆ ಬಾಸ್ ತಗೊಂಡೇ ಹೋಗಿ.